ಒಂದ ಗಿಳಿ

ನಮ್ಮ ಓನರ್ ಆಂಟಿ ಮನೆಯಲ್ಲಿ ಆಗಾಗ ಅನ್ನ ಅರೆಬೆಂದಿರುತ್ತಿತ್ತು. ತಪ್ಪು ಅಕ್ಕಿಯದಲ್ಲ, ಗ್ಯಾಸಿನದೂ ಅಲ್ಲ, ಗಿಣಿಯದು. ಕುಕ್ಕರ್ ಒಂದು ವಿಷಲ್ ಹಾಕಿದರೆ ಉಳಿದೆರಡನ್ನು ಗಿಣಿ ತಾನೇ ಹಾಕಿ ಅಡುಗೆ ಮುಗಿಸಿಬಿಡುತ್ತಿತ್ತು. ವರಾಂಡದಲ್ಲಿ ಪೇಪರ್ ಓದುತ್ತ ಕೂತ ಆಂಟಿ ಎದ್ದು ಹೋಗಿ ಒಲೆ ಆರಿಸುತ್ತಿದ್ದರು. ಊಟದ ಹೊತ್ತಿಗೆ ಹಲ್ಲಿಗೆ ಅಕ್ಕಿ ಸಿಕ್ಕಾಗ ಕರೆ ಬರುತ್ತಿದ್ದುದು ಹಿಂದಿನ ರೂಮಿನ ಬಾಡಿಗೆದಾರನಾದ ನನಗೆ.

"ಲೋ, ಬಾ ಇಲ್ಲಿ. ಕೂಗಿದ್ದು ನೀನಾ, ಇವನಾ?"

"ದೇವರಾಣೆ ಅವನೇ ಆಂಟಿ. ನಾನು ಪುಕ್ಕಟೆ ಕೂಗಲ್ಲ."

ಅನುಮಾನಕ್ಕೆ ಕಾರಣವಿತ್ತು. ಮಿಮಿಕ್ರಿ ನನ್ನ ಕಸುಬು. ಕಸುಬು ಎಂದರೆ ದೊಡ್ಡ ಮಾತಾಯಿತು. ರಿಸೆಪ್ಷನ್ನಿನ ಆರ್ಕೆಸ್ಟ್ರಾದವರು ನೀರು ಕುಡಿಯಲು ಹೋದಾಗ ಸ್ಟೇಜ್ ಖಾಲಿ ಕಾಣದಿರಲಿ ಎಂದು ಮುಂದಕ್ಕೆ ತಳ್ಳುವ ಐಟಂ ನಾನು. ಮೆಟ್ರೊ ಬಾಗಿಲು, ಕೆಟ್ಟ ಮಿಕ್ಸಿ, ನೆಗಡಿ ಹಿಡಿದ ಪುರೋಹಿತರು, ಗೋವಿಂದರಾಜನಗರದ ಸಮಸ್ತ ಮನೆ ಓನರುಗಳು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನಿನ್ನ ಸ್ವಂತ ದನಿಗೆ ಮಾತ್ರ ಅಲ್ಲಿ ರೂಮ್ ಸಿಕ್ಕಿಲ್ಲ ಎಂದು ನಮ್ಮಮ್ಮ ಫೋನಿನಲ್ಲಿ ಹಂಗಿಸುತ್ತಾಳೆ.

ಗಿಣಿ ಮಾತ್ರ ನನಗಿಂತ ದೊಡ್ಡ ಕಲಾವಿದ. ಗೇಟಿನ ಸದ್ದಾದರೆ ಸಾಕು, ಆಂಟಿಯ ದನಿಯಲ್ಲಿ "ಗೇಟ್ ಹಾಕ್ಕೊಂಡ್ ಹೋಗಿ" ಎನ್ನುತ್ತಿತ್ತು. ಕೊರಿಯರ್‌ನವರು, ಪಾರ್ಸೆಲ್ ತರುವ ಹುಡುಗರು, ಎಲೆಕ್ಷನ್ನಿಗೆ ಕೈಮುಗಿಯುತ್ತ ಬಂದವರು, ಎಲ್ಲರೂ ಅದರ ಮಾತು ಕೇಳಿ ಗೇಟ್ ಹಾಕಿಕೊಂಡು ಹೋದವರೇ. ಆಂಟಿ ರಿಟೈರಾದ ಕನ್ನಡ ಮೇಡಂ. ಬಿನ್ನಿಪೇಟೆ ಕಡೆಯ ಶಾಲೆಯೊಂದರಲ್ಲಿ ಸಂಧಿ ಸಮಾಸ ಬಾರದ ಎಷ್ಟು ಮಕ್ಕಳ ಕಿವಿ ಹಿಂಡಿದ್ದಾರೋ. ಆ ಕಾಲದ "ಎದ್ದು ನಿಲ್ಲು!" ಕೂಡ ಗಿಣಿಯ ಬಾಯಲ್ಲಿತ್ತು. ನಾನು ಅದರ ಮುಂದೆ ಕೂತು ಟೀ ಕುಡಿಯುವಾಗ ಒಮ್ಮೆಯಾದರೂ ಎದ್ದು ನಿಂತಿದ್ದೇನೆ, ಸುಳ್ಳು ಹೇಳಲಾರೆ.

ಅದು ಅಂಗಡಿಯಿಂದ ತಂದ ಗಿಣಿಯಲ್ಲ. ಶಾಲೆಗೆ ಹೊಸ ಕೊಠಡಿ ಕಟ್ಟಲು ಅಂಗಳದ ದೊಡ್ಡ ಮರ ಕಡಿದ ದಿನ, ಪೊಟರೆಯಿಂದ ಬಿದ್ದ ಪುಕ್ಕವಿಲ್ಲದ ಮರಿಯನ್ನು ಮಕ್ಕಳು ಜಾಮಿಟ್ರಿ ಬಾಕ್ಸಿನಲ್ಲಿಟ್ಟು ಮೇಡಂ ಟೇಬಲ್ಲಿಗೆ ತಂದಿದ್ದರಂತೆ. ಆಂಟಿ ಕಡಲೆಹಿಟ್ಟು ಕಲಸಿ, ಬೆರಳ ತುದಿಯಿಂದ ತಿನ್ನಿಸಿ ಬದುಕಿಸಿದರು. ಅಂಕಲ್ ಇದ್ದಾಗ ಅದು ಅಂಕಲ್ ಹೆಗಲ ಮೇಲೆ ಕೂತು ನ್ಯೂಸ್ ನೋಡುತ್ತಿತ್ತಂತೆ. ನಾನು ಬಾಡಿಗೆಗೆ ಬರುವಷ್ಟರಲ್ಲಿ ಅಂಕಲ್ ಇರಲಿಲ್ಲ. ವರಾಂಡದಲ್ಲಿ ಆಂಟಿಯ ಕುರ್ಚಿ, ಪಕ್ಕದಲ್ಲಿ ಪಂಜರ, ಇಬ್ಬರ ನಡುವೆ ಹಗಲಿಡೀ ಮುಗಿಯದ ಜಗಳ, ಇಷ್ಟೇ ಇತ್ತು.

ಬಸವೇಶ್ವರನಗರದಲ್ಲಿರುವ ಆಂಟಿಯ ತಂಗಿ ತಮ್ಮ ನಾಯಿಯ ವಿಡಿಯೋ ಹಾಕಿ ಹೆಸರು ಮಾಡಿದ್ದು ಎಲ್ಲಕ್ಕೂ ಶುರು.

"ಆ ನಾಯಿ ಏನ್ ಮಾಡತ್ತೆ ಅಂತೀನಿ? ಬಿಸ್ಕೆಟ್ ತಿನ್ನತ್ತೆ. ನಮ್ಮವನು ಸ್ವರ ವ್ಯಂಜನ ಹೇಳ್ತಾನೆ. ಹಾಕೋ ಇವನ್ದೂ ಒಂದು."

ಹಾಕಿದೆವು. ಒಂದು ಕಡೆ ನಾನು, ಇನ್ನೊಂದು ಕಡೆ ಗಿಣಿ, ನಡುವೆ ತೀರ್ಪುಗಾರರಾಗಿ ಆಂಟಿ. ನಾನು ಕುಕ್ಕರ್ ಕೂಗಿದೆ, ಅದು ಕುಕ್ಕರ್ ಕೂಗಿತು. ನಾನು ಕಸದ ಆಟೊ ಆದೆ, ಅದು ಕಸದ ಆಟೊವನ್ನು ರಿವರ್ಸ್ ತೆಗೆಯಿತು. ನನ್ನ ಜೀವಮಾನದಲ್ಲೇ ಅತಿ ಹೆಚ್ಚು ಜನ ನೋಡಿದ ಷೋ ಅದು; ಅದರಲ್ಲೂ ನಾನು ಸೋತಿದ್ದೆ.

ಕಾಮೆಂಟುಗಳು ಬರತೊಡಗಿದವು. ಲಂಡನ್ನಿನಲ್ಲಿರುವ ಯಾರೋ, ಇವು ನಮ್ಮ ಪಾರ್ಕಿನಲ್ಲಿ ಹಿಂಡು ಹಿಂಡಾಗಿವೆ, ಬೆಳಗಾದರೆ ಇವುಗಳದೇ ಗಲಾಟೆ ಎಂದು ಬರೆದರು. ಅದರ ಕೆಳಗೇ ಒಂದು ಸಾಲು: 'ಬ್ರೋ, ಇದು ನಮ್ಮ ದೇಶದ ಗಿಣಿ. ಸಾಕೋದು ಕ್ರೈಮ್. ಡಿಲೀಟ್ ಮಾಡು, ಫಾರೆಸ್ಟ್‌ನವರು ಬರ್ತಾರೆ.'

ನಗುತ್ತಲೇ ಹುಡುಕಿ ನೋಡಿದೆ. ಓದುತ್ತ ಓದುತ್ತ ನಗು ನಿಂತಿತು. ವಿಡಿಯೋ ತೆಗೆದುಹಾಕಿ ಆಂಟಿಯ ಮುಂದೆ ಹೋಗಿ ನಿಂತೆ. ಸುದ್ದಿ ಕೆಟ್ಟದ್ದು, ಹಗುರ ಮಾಡೋಣವೆಂದು ಮಂತ್ರಿಗಳ ದನಿಯಲ್ಲಿ "ಮಾನ್ಯ ಸಭಾಧ್ಯಕ್ಷರೇ" ಎಂದು ಶುರುಮಾಡಿದೆ. ಆಂಟಿ ಕನ್ನಡಕ ತೆಗೆದರು.

"ನಿನ್ನ ದನೀಲಿ ಹೇಳೋ."

ಹೇಳಿದೆ. ನಮ್ಮ ಗಿಣಿ ಕಾನೂನಿನ ಲೆಕ್ಕದಲ್ಲಿ ಕಾಡುಪ್ರಾಣಿ. ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಹೊರದೇಶದ ಬಣ್ಣಬಣ್ಣದ ಗಿಣಿಗಳಾದರೆ ಸರ್ಕಾರಕ್ಕೆ ತಿಳಿಸಿ, ನೋಂದಾಯಿಸಿ ಸಾಕಬಹುದು. ತಮಾಷೆ ಎಂದರೆ ಇದೇ ಹಸಿರು ಗಿಣಿ ಯುರೋಪಿನಲ್ಲಿ ಫಾರಿನ್ ಗಿಣಿ. ಅಲ್ಲಿ ಎಷ್ಟೋ ಮನೆಗಳಲ್ಲಿ ಸಾಕುತ್ತಾರೆ. ವಿಮಾನ ಹತ್ತಿದರೆ ಸಾಕುಪ್ರಾಣಿ, ವಾಪಸ್ ಇಳಿದರೆ ವನ್ಯಜೀವಿ.

"ನಾನೇನು ಇವನನ್ನ ಬಲೆ ಹಾಕಿ ಹಿಡಿದೆನಾ? ಮರ ಕಡಿದಾಗ ಬಿದ್ದಿದ್ದ ಕಣೋ. ಕಡಿದವರಿಗೆ ಕಾನೂನಿಲ್ವಾ?"

"ಇದೆ ಆಂಟಿ. ಅವರು ಪರ್ಮಿಷನ್ ತಗೊಂಡಿರ್ತಾರೆ."

ಆಂಟಿ ಪಂಜರದ ಕಡೆ ನೋಡಿದರು. ಗಿಣಿ ತಲೆ ಓರೆ ಮಾಡಿ "ಎದ್ದು ನಿಲ್ಲು" ಎಂದಿತು. ಕಟಕಟೆಯಲ್ಲಿ ನಿಂತವರಿಗೆ ಹೇಳಿದ ಹಾಗೆ.

ಎರಡು ದಿನ ಆಂಟಿ ಪೇಪರ್ ಮುಟ್ಟಲಿಲ್ಲ. ಆಮೇಲೆ ನನ್ನನ್ನು ಕರೆದು, ಬಾಗಿಲು ಹಾಕಿ, ದನಿ ಇಳಿಸಿ ಕೇಳಿದರು.

"ಫಾರಿನ್ ಗಿಣಿ ಆದ್ರೆ ಪರವಾಗಿಲ್ಲ ಅಂದೆ ಅಲ್ವಾ?"

"ಹೌದು."

"ಹಾಗಾದ್ರೆ ಇವನಿಗೆ ಇಂಗ್ಲಿಷ್ ಕಲಿಸು."

ನಾನು ಬಿದ್ದು ಬಿದ್ದು ನಕ್ಕೆ. ಆಂಟಿ ನಗಲಿಲ್ಲ. ಕ್ಲಾಸಿನಲ್ಲಿ ಒಂದು ಇಂಗ್ಲಿಷ್ ಪದ ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಹೆಂಗಸು ಅದು. ಗಿಣಿಯ ಬಣ್ಣ, ಕೊರಳಿನ ಗುಲಾಬಿ ಪಟ್ಟಿ, ಕೆಂಪು ಕೊಕ್ಕು ನೋಡಿದರೆ ಮೂರನೇ ಕ್ಲಾಸಿನ ಮಗುವಿಗೂ ಇದು ಯಾವ ಗಿಣಿ ಎಂದು ತಿಳಿಯುತ್ತದೆ. ಆದರೆ ಹೆದರಿದವರಿಗೆ ಕಣ್ಣು ಕಾಣುವುದಿಲ್ಲ. ಕನ್ನಡ ಮಾತಾಡುವುದರಿಂದಲೇ ಇದು ಸಿಕ್ಕಿಬೀಳುತ್ತದೆ ಎಂದು ಆಂಟಿ ಖಚಿತವಾಗಿ ನಂಬಿದ್ದರು. "ಬಾಯಿ ಬಿಟ್ರೆ ಬಣ್ಣಗೇಡು ಅಂತಾರಲ್ಲ, ಹಾಗೆ" ಎಂದು ಗಾದೆಯನ್ನೂ ಒದಗಿಸಿದರು.

ಹೀಗೆ ನಾನು ಗಿಣಿಗೆ ಟ್ಯೂಷನ್ ಮೇಷ್ಟ್ರಾದೆ. ಪಂಜರವನ್ನು ವರಾಂಡದಿಂದ ತೆಗೆದು ದೇವರ ಮನೆ ಪಕ್ಕದ ಸ್ಟೋರ್ ರೂಮಿನಲ್ಲಿಟ್ಟೆವು. ಬೀದಿಯಿಂದ ಯಾರಿಗೂ ಕಾಣಬಾರದು, ಕೇಳಬಾರದು. ಮೇಲೆ ಹಳೇ ಬೆಡ್‌ಶೀಟು. ನಾನು ಕಾನ್ವೆಂಟ್ ಮಿಸ್ಸಿನ ದನಿ ಹಾಕಿ "ಹಲೋ, ಹೌ ಆರ್ ಯೂ" ಎಂದರೆ ಗಿಣಿ "ಗೇಟ್ ಹಾಕ್ಕೊಂಡ್ ಹೋಗಿ" ಎನ್ನುತ್ತಿತ್ತು. "ಗುಡ್ ಮಾರ್ನಿಂಗ್" ಎಂದರೆ ಕುಕ್ಕರ್. ಆಂಟಿ ಹೊರಗಿನಿಂದ "ಬಂತಾ?" ಎಂದು ಕೇಳುವರು. "ಪ್ರೊನೌನ್ಸಿಯೇಷನ್ ತಿದ್ತಾ ಇದೀನಿ ಆಂಟಿ" ಎನ್ನುತ್ತಿದ್ದೆ. ಮೊದಮೊದಲು ನಮಗಿಬ್ಬರಿಗೂ ಅದು ಆಟವೇ ಆಗಿತ್ತು. ನಮಗಿಬ್ಬರಿಗೂ ಎಂದರೆ ನನಗೆ ಮತ್ತು ಆಂಟಿಗೆ. ಗಿಣಿಯನ್ನು ಕೇಳಿದವರು ಯಾರು?

ಗೇಟ್ ಮಾತು ಮೊದಲು ನಿಂತಿತು. ಸ್ಟೋರ್ ರೂಮಿಗೆ ಗೇಟಿನ ಸದ್ದು ಬರುತ್ತಿರಲಿಲ್ಲ. ಆಮೇಲೆ ಕುಕ್ಕರ್ ನಿಂತಿತು. ಮನೆಯಲ್ಲಿ ಅನ್ನ ಹದವಾಗಿ ಬೇಯತೊಡಗಿತು. ಒಂದು ದಿನ ಆಂಟಿ ನನ್ನನ್ನೂ ಊಟಕ್ಕೆ ಕರೆದು, ಮೆತ್ತಗಿನ ಅನ್ನವನ್ನು ತಟ್ಟೆಯಲ್ಲಿ ಕಲಸುತ್ತ ಕಲಸುತ್ತ ತಿನ್ನದೆ ಎದ್ದುಹೋದರು.

ಬೆಡ್‌ಶೀಟ್ ತೆಗೆದು ನೋಡಿದೆವು. ಪಂಜರದ ತಳದಲ್ಲಿ ಎಳೆ ಹಸಿರು ಪುಕ್ಕಗಳು. ಗಿಣಿಯ ಎದೆಯ ಮೇಲೆ ಹೆಬ್ಬೆರಳಿನಷ್ಟು ಜಾಗ ಬೋಳಾಗಿತ್ತು. ನಾವು ನೋಡುತ್ತಿದ್ದಂತೆಯೇ ಅದು ಕತ್ತು ಬಗ್ಗಿಸಿ, ತನ್ನದೇ ಪುಕ್ಕವೊಂದನ್ನು ಕೊಕ್ಕಿನಲ್ಲಿ ಹಿಡಿದು, ಕಿತ್ತು, ಕೆಳಗೆ ಹಾಕಿತು. ಕೋಪದಿಂದಲ್ಲ. ಸೊಪ್ಪು ಬಿಡಿಸುವವರ ಹಾಗೆ, ಸಮಾಧಾನವಾಗಿ.

ಡಾಕ್ಟರಿಗೆ ತೋರಿಸೋಣವೆಂದರೆ, ರೋಗಿಯನ್ನು ತೋರಿಸಿದರೆ ಅಪರಾಧವನ್ನೇ ತೋರಿಸಿದಂತೆ ಎಂಬ ಹೆದರಿಕೆ. ಕೊನೆಗೆ ಮಹಡಿಯ ರೂಮಿನ ಸಿಸ್ಟರನ್ನು ಕರೆದೆವು.

ಸಿಸ್ಟರ್ ಎಂದರೆ ನರ್ಸು. ಗದಗದ ಕಡೆಯವರು. ವಿಜಯನಗರದ ಒಂದು ಆಸ್ಪತ್ರೆಯಲ್ಲಿ ಕೆಲಸ. ಉಳಿದ ಹೊತ್ತು ಜರ್ಮನ್ ಭಾಷೆ ಕಲಿಯುವುದು. ಪರೀಕ್ಷೆ ಪಾಸಾದರೆ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತದೆ. ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತ ಪಾಠ ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಅವರ ಗದಗದ ಜರ್ಮನ್ ನನ್ನ ಸ್ಟೇಜ್ ಐಟಂ ಆಗಿಹೋಗಿತ್ತು. ಅವರಿಗೂ ಗೊತ್ತಿತ್ತು. "ನನ್ನ ದನಿ ಮಾರಿ ಬಿರಿಯಾನಿ ತಿಂತೀರಿ, ಒಂದ್ ಪ್ಲೇಟ್ ನನಗೂ ಕೊಡಸ್ರಿ" ಎನ್ನುತ್ತಿದ್ದರು.

ಅವರು ಗಿಣಿಯ ಮುಂದೆ ಮಂಡಿಯೂರಿ ಕೂತು, ಟಾರ್ಚ್ ಹಾಕಿ, ಬಹಳ ಹೊತ್ತು ನೋಡಿದರು.

"ಗಾಯ ಅಲ್ರೀ ಮೇಡಂ. ತಾನ ಕಿತ್ಕೊಳ್ಳಾಕತ್ತೈತಿ. ಮನಸಿಗೆ ಹಚ್ಕೊಂಡೈತಿ." ಒಂದು ಕ್ಷಣ ಬಿಟ್ಟು, ನೆನಪಾದವರಂತೆ ಹೇಳಿದರು. "ನಮ್ಮ ಜರ್ಮನ್ ಪಾಠದಾಗ ಸಾಕುಪ್ರಾಣಿದ ಒಂದ್ ಪಾಠ ಬಂದಿತ್ರಿ. ಅಲ್ಲೇ ಬಾಜೂಕ ಸ್ವಿಟ್ಜರ್ಲೆಂಡ್ ಐತಲ್ರಿ, ಅಲ್ಲಿ ಕಾನೂನ ಮಾಡ್ಯಾರಂತ. ಒಂದ ಗಿಳಿ ಸಾಕಂಗಿಲ್ಲಂತ್ರೀ."

ಆಂಟಿ ಗೋಡೆಗೆ ಒರಗಿದರು.

"ಅಲ್ಲೂನಾ?"

"ಹೌದ್ರಿ. ಭಾಳ ಸ್ಟ್ರಿಕ್ಟ್ ಅಂತ."

ಡ್ಯೂಟಿಗೆ ಹೊತ್ತಾಯಿತೆಂದು ಸಿಸ್ಟರ್ ಹೊರಟುಹೋದರು. ಆಂಟಿ ಸ್ಟೋರ್ ರೂಮಿನ ನೆಲದ ಮೇಲೆಯೇ ಕೂತರು.

"ನಮ್ಮ ಸರ್ಕಾರದವರಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಕಣೋ. ಅಷ್ಟು ಮುಂದುವರಿದ ದೇಶದಲ್ಲೂ ಒಂದು ಗಿಣೀನೂ ಸಾಕೋ ಹಾಗಿಲ್ಲ ಅಂದ್ರೆ ತಪ್ಪು ನನ್ನದೇ. ಬಿಟ್ಟುಬಿಡ್ತೀನಿ."

"ಆಂಟಿ, ಯೋಚನೆ ಮಾಡಿ…"

"ಮಾಡಿದೆ. ಇವನು ಪುಕ್ಕ ಕೀಳ್ತಾ ಇರೋದು ಹಾರಬೇಕು ಅಂತ."

ಪುಕ್ಕ ಕಿತ್ತರೆ ಹಾರುವುದು ಹೇಗೆ ಎಂದು ಕೇಳಬಹುದಿತ್ತು. ಅವರ ಮುಖ ನೋಡಿ ಬಾಯಿ ಬರಲಿಲ್ಲ. ನನ್ನ ಬಾಯಿಗೆ ಅದೇನು ದಿನವೂ ಆಗುವ ಸಂಗತಿಯಲ್ಲ.

ಮರುದಿನ ಬೆಳಗ್ಗೆ ಬಿಸಿಲು ಮೂಡುವ ಹೊತ್ತಿಗೆ ಪಂಜರವನ್ನು ಟೆರೇಸಿಗೆ ತಂದೆವು. ನಮ್ಮ ಬೀದಿಯ ಮೇಲೆ ದಿನವೂ ಆ ಹೊತ್ತಿಗೆ ಗಿಣಿಗಳ ಒಂದು ಹಿಂಡು ಹಾದುಹೋಗುತ್ತದೆ. ನಾಗರಭಾವಿ ದಾಟಿ ಯೂನಿವರ್ಸಿಟಿ ಮರಗಳ ಕಡೆಗೆ ಹೋಗುತ್ತವೆ ಎಂದು ಆಂಟಿಯ ಅಂದಾಜು. ಅವರು ಗಿಣಿಗೆ ಸೀಬೆಹಣ್ಣು ತಿನ್ನಿಸಿದರು. ತಲೆ ಸವರಿದರು. "ಹೋಗ್ಬಾ" ಎಂದರು. ಆಮೇಲೆ, ಮೇಷ್ಟರ ಚಟ ಎಲ್ಲಿ ಹೋಗುತ್ತದೆ, "ಹುಷಾರು, ದೊಡ್ಡವರ ಹಿಂದೇನೇ ಹೋಗು" ಎಂದು ಪ್ರವಾಸಕ್ಕೆ ಹೊರಟ ಮಗುವಿಗೆ ಹೇಳಿದಂತೆ ಹೇಳಿ ಬಾಗಿಲು ತೆಗೆದರು.

ಗಿಣಿ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಕೊಕ್ಕಿನಿಂದ ಕಂಬಿ ಹಿಡಿದು ಪಂಜರದ ನೆತ್ತಿಗೆ ಹತ್ತಿ ಕೂತಿತು. ಅಷ್ಟರಲ್ಲಿ ಹಿಂಡು ಬಂತು. ಹತ್ತಿಪ್ಪತ್ತು ಹಸಿರು ಗೆರೆಗಳು, ಕಿರುಚುತ್ತ, ನಮ್ಮ ತಲೆಯ ಮೇಲೆಯೇ. ನಮ್ಮ ಗಿಣಿ ಕತ್ತು ಎತ್ತಿತು. ಎಷ್ಟೋ ದಿನದಿಂದ ಮುಚ್ಚಿದ್ದ ಬಾಯಿ ತೆರೆಯಿತು. ಎದೆಯುಬ್ಬಿಸಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿತು.

ಕುಕ್ಕರ್ ವಿಷಲ್.

ಹಿಂಡು ತಿರುಗಿ ನೋಡಲಿಲ್ಲ. ಗಿಣಿ ಮತ್ತೆ ಕೂಗಿತು. ಆಮೇಲೆ "ಗೇಟ್ ಹಾಕ್ಕೊಂಡ್ ಹೋಗಿ, ಗೇಟ್ ಹಾಕ್ಕೊಂಡ್ ಹೋಗಿ" ಎಂದು ಆಂಟಿಯ ದನಿಯಲ್ಲಿ, ಆಕಾಶಕ್ಕೆ. ತನಗೆ ಬರುವುದನ್ನೆಲ್ಲ ಅದು ಆ ಹಕ್ಕಿಗಳ ಮುಂದೆ ಒಪ್ಪಿಸಿತು. ಸ್ಟೇಜಿನ ಮೇಲೆ ಐಟಂ ನೆಲಕಚ್ಚುವುದೆಂದರೇನು ಎಂದು ನನಗೆ ಗೊತ್ತು. ಜನ ಪಲಾವ್ ತಿನ್ನುತ್ತ ಬೇರೆ ಕಡೆ ನೋಡುತ್ತಿರುತ್ತಾರೆ. ಆದರೆ ಈ ಪರಿ ನೆಲಕಚ್ಚಿದ್ದನ್ನು ನಾನು ಎಂದೂ ಕಂಡಿಲ್ಲ.

ಹಿಂಡು ಮರೆಯಾದ ಮೇಲೆ ಅದು ಹಾರಿತು. ಹಾರಿತು ಎನ್ನುವಂತಿಲ್ಲ, ಜಾರಿತು. ರೆಕ್ಕೆ ಬಡಿಯುತ್ತ ಪಕ್ಕದ ಮನೆಯ ಚಾವಣಿ ಶೀಟಿನ ಮೇಲೆ ಬಿತ್ತು. ಬಿದ್ದದ್ದೇ ತಡ, ವಾಟರ್ ಟ್ಯಾಂಕಿನ ಮೇಲಿಂದ ಒಂದು ಕಾಗೆ ಇಳಿಯಿತು. ಇನ್ನೊಂದು. ಕರೆಂಟ್ ವೈರಿನಿಂದ ಮತ್ತೆರಡು. ಮೊದಲಿನದು ಹಿಂದಿನಿಂದ ಬಂದು ಬಾಲ ಎಳೆಯಿತು. ಆಂಟಿ ಚಪ್ಪಲಿ ಎಸೆದರು. ನಾನು ನನಗೆ ಬರುವ ಹದ್ದು, ನಾಯಿ, ಪೊಲೀಸು ಎಲ್ಲವನ್ನೂ ಕೂಗಿದೆ. ಬೆಂಗಳೂರಿನ ಕಾಗೆಗಳು ಇವರಲ್ಲಿ ಯಾರಿಗೂ ಹೆದರುವುದಿಲ್ಲ.

ನೈಟ್ ಡ್ಯೂಟಿ ಮುಗಿಸಿ ಆಗತಾನೇ ಮೆಟ್ಟಿಲು ಹತ್ತಿ ಬಂದಿದ್ದ ಸಿಸ್ಟರ್, ಹೆಗಲ ಚೀಲ ಎಸೆದು, ಹಗ್ಗದ ಮೇಲಿನ ಟವೆಲ್ ಎಳೆದುಕೊಂಡು, ಪ್ಯಾರಪೆಟ್ ದಾಟಿ, ಶೀಟಿನ ಮೇಲೆ ಕಾಲಿಟ್ಟೇಬಿಟ್ಟರು. ಟವೆಲನ್ನು ಗಿಣಿಯ ಮೇಲೆ ಹಾಕಿ, ಸುತ್ತಿ, ಎದೆಗವುಚಿಕೊಂಡು ವಾಪಸ್ ಬಂದರು. ಕೆಳಗಿನಿಂದ ಪಕ್ಕದ ಮನೆಯವರು "ಯಾರ್ರೀ ಅದು ಶೀಟ್ ಮೇಲೆ?" ಎಂದು ಕೂಗುತ್ತಿದ್ದರು.

"ಯಾಕ್ ಬಿಟ್ರಿ ಮೇಡಂ? ತಲಿ ಕೆಟ್ಟೈತೇನ್ ನಿಮಗ?" ಅವರು ಓನರ್ ಆಂಟಿಗೆ ಹಾಗೆ ಅಂದದ್ದು ಅದೇ ಮೊದಲು.

"ನೀನೇ ಹೇಳಿದ್ಯಲ್ಲಮ್ಮಾ, ಆ ದೇಶದಲ್ಲೂ ಸಾಕೋ ಹಾಗಿಲ್ಲ ಅಂತ."

"ನಾ ಎಲ್ಲಿ ಹಂಗಂದೆ? ಒಂದ ಸಾಕಂಗಿಲ್ಲ ಅಂದೆ. ಒಂದ! ಜೋಡಿ ಇರಬೇಕಂತ. ಎರಡ್ ಇದ್ರ ಸಾಕ್ಬೌದು. ಒಂದನ್ನ ಒಂಟಿ ಇಟ್ರ ಅದಕ್ಕ ತ್ರಾಸ ಆಕ್ಕೈತಿ, ಅದ ಅಪರಾಧ ಅಂತ."

ಕಾಗೆಗಳು ಇನ್ನೂ ಶೀಟಿನ ಮೇಲೆ ಗಿಣಿಯನ್ನು ಹುಡುಕುತ್ತಿದ್ದವು.

ನಮ್ಮ ಕಡೆ 'ಒಂದೇ' ಎನ್ನುವುದನ್ನು ಅವರ ಕಡೆ 'ಒಂದ' ಎನ್ನುತ್ತಾರೆ. ಅವರು ಹೇಳಿದ್ದು, ಒಂದನ್ನೇ ಸಾಕುವ ಹಾಗಿಲ್ಲ ಎಂದು. ನಾವು ಕೇಳಿಸಿಕೊಂಡದ್ದು, ಒಂದನ್ನೂ ಸಾಕುವ ಹಾಗಿಲ್ಲ ಎಂದು. ಸಿಸ್ಟರ್ ದನಿಯನ್ನು ಸ್ಟೇಜಿನಲ್ಲಿ ತೆಗೆದು ಚಪ್ಪಾಳೆ ಗಿಟ್ಟಿಸುವ ನನ್ನ ಕಿವಿಗೆ ಆ ಅಕಾರ ಬಿದ್ದಿತ್ತು, ಅರ್ಥ ಬಿದ್ದಿರಲಿಲ್ಲ. ಆಂಟಿ ಟವೆಲಿನೊಳಗಿನ ಗಿಣಿಯನ್ನು ಕೈಗೆ ತೆಗೆದುಕೊಳ್ಳುತ್ತ ತಮಗೆ ತಾವೇ ಹೇಳಿಕೊಂಡರು:

"ಅವಧಾರಣೆ. ಎಷ್ಟು ಮಕ್ಕಳಿಗೆ ಪಾಠ ಮಾಡಿದೆ. ಒಂದು ಏಕಾರದಲ್ಲಿ ಅರ್ಥವೇ ತಿರುಗಿಬಿಡತ್ತೆ ಅಂತ."

ಸಿಸ್ಟರ್ ಬಾಲದ ಬುಡದ ಗಾಯಕ್ಕೆ ಅರಿಶಿನ ಹಚ್ಚುತ್ತ, ಪಾಠದಲ್ಲಿದ್ದ ಇನ್ನೊಂದು ಮಾತು ಹೇಳಿದರು. "ಜೋಡಿ ಇದ್ದ ಗಿಳಿ ನಮ್ಮ ಮಾತ ಅಷ್ಟ ಕಲಿಯಂಗಿಲ್ಲಂತ್ರೀ. ತಮ್ಮ ತಮ್ಮೊಳಗ ಮಾತಾಡ್ಕೊಂತ ಇರ್ತಾವ. ಒಂದ ಇದ್ದದ್ದು, ಮಾತಾಡ್ಸವ್ರು ಬೇಕಲ್ಲ ಅಂತ, ಮಂದಿ ದನಿ ಕಲೀತೈತಂತ."

ಅದನ್ನು ಕೇಳಿದ ಮೇಲೆ ನನಗೆ ಗಿಣಿಯ ಮುಖ ನೋಡಲಾಗಲಿಲ್ಲ. ದೊಡ್ಡ ಕಲಾವಿದ ಎಂದು ಕೊಂಡಾಡಿದ್ದೆನಲ್ಲ. ವರ್ಷಗಟ್ಟಲೆ ಅದು ಕುಕ್ಕರನ್ನು ಮಾತಾಡಿಸಿತ್ತು. ಗೇಟನ್ನು ಮಾತಾಡಿಸಿತ್ತು. ನಾವು ನಕ್ಕಿದ್ದೆವು.

ಆಮೇಲಿನ ದಿನಗಳು ನನಗೆ ಚೆನ್ನಾಗಿ ನೆನಪಿವೆ, ಏಕೆಂದರೆ ಮನೆಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಆಂಟಿಯ ಪ್ರಶ್ನೆ ಸರಳವಾಗಿತ್ತು. ಆ ದೇಶದ ಕಾನೂನಿನ ಪ್ರಕಾರ ನಡೆಯಬೇಕೆಂದರೆ ಇನ್ನೊಂದು ಗಿಣಿ ತರಬೇಕು. ಈ ದೇಶದ ಕಾನೂನಿನ ಪ್ರಕಾರ ಆಗ ಅಪರಾಧ ಎರಡಾಗುತ್ತದೆ. ತರಬೇಕೆಂದರೂ ಎಲ್ಲಿಂದ? ಕದ್ದು ಮಾರುವವನ ಕೈಯಿಂದ. ಅವನು ಇನ್ನೊಂದು ಪೊಟರೆಗೆ ಕೈ ಹಾಕಿರುತ್ತಾನೆ.

"ಅಲ್ಲಿಯವರು ಗಿಣಿಗೆ ಒಂಟಿತನ ಆಗತ್ತೆ ಅಂತ ಯೋಚನೆ ಮಾಡಿದಾರೆ. ಇಲ್ಲಿಯವರು ಗಿಣಿ ಕಾಡಿನದು ಅಂತ ಯೋಚನೆ ಮಾಡಿದಾರೆ. ಇಬ್ಬರೂ ಸರಿ ಕಣೋ. ಇಬ್ಬರೂ ಸರಿ ಆದ್ಮೇಲೆ ನಾನು ಏನು ಮಾಡ್ಲಿ ಹೇಳು?"

ಉತ್ತರ ಅವರಿಗೇ ಗೊತ್ತಿತ್ತು. ಇಂಥ ಹಕ್ಕಿಗಳನ್ನು ನೋಡಿಕೊಳ್ಳುವ ಒಂದು ಜಾಗ ಕೆಂಗೇರಿಯಿಂದಾಚೆಗಿದೆ. ಅಲ್ಲಿಗೆ ನಾವೇ ಒಯ್ದು ಒಪ್ಪಿಸಬಹುದು ಎಂದು ನಾನು ಫೋನಿನಲ್ಲಿ ವಿಚಾರಿಸಿಟ್ಟಿದ್ದೆ. ಅಲ್ಲಿ ಇದರ ಜಾತಿಯವು ಬೇಕಾದಷ್ಟಿವೆ. ಒಪ್ಪಿಸಿದ ಮೇಲೆ ವಾಪಸ್ ಕೊಡುವುದಿಲ್ಲ. ಬಂದು ನೋಡಲೂ ಬಿಡುವುದಿಲ್ಲ. ಮನುಷ್ಯರ ರೂಢಿ ತಪ್ಪಬೇಕಂತೆ.

"ಇಲ್ಲಿದ್ರೆ ಒಂದೇ, ಅಲ್ಲಾದ್ರೆ ಜೊತೆ ಇರತ್ತೆ," ಎಂದೆ ನಾನು, ನನ್ನ ದನಿಯಲ್ಲಿ.

"ನಾನಿಲ್ವಾ ಜೊತೆಗೆ?" ಎಂದರು ಆಂಟಿ. ಕೇಳಿ, ತಾವೇ ತಲೆ ಅಲ್ಲಾಡಿಸಿದರು. ಗಿಣಿ ಪುಕ್ಕ ಕೀಳುವ ಸಣ್ಣ ಸದ್ದು ಇಬ್ಬರಿಗೂ ಕೇಳಿಸುತ್ತಿತ್ತು.

ಆಟೊದಲ್ಲಿ ಹೋದೆವು. ಪಂಜರ ಆಂಟಿಯ ತೊಡೆಯ ಮೇಲೆ, ಬೆಡ್‌ಶೀಟ್ ಇಲ್ಲದೆ. ಹಿಡಿದರೆ ಹಿಡಿಯಲಿ ಎಂದರು. ಮೈಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಬಗ್ಗಿ ನೋಡಿದರು. ಅವರು ಗಿಣಿಗೆ ನಾಲಗೆಯಲ್ಲಿ ಟಕ್ ಟಕ್ ಎಂದು ಸದ್ದು ಮಾಡಿ, "ಮಾತಾಡ್ತದಾ ಅಮ್ಮಾ?" ಎಂದು ಕೇಳಿ ನಕ್ಕು ಕಳಿಸಿದರು. "ಇಲ್ಲಪ್ಪ, ಈಗ ಮಾತಾಡಲ್ಲ" ಎಂದರು ಆಂಟಿ.

ಅಲ್ಲಿ ಬೈಯುವವರು ಯಾರೂ ಇರಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಗಮ್‌ಬೂಟ್ ಹಾಕಿದ್ದ ಹೆಂಗಸೊಬ್ಬರು ಬಂದು ಪಂಜರ ತೆಗೆದುಕೊಂಡು, ಎದೆಯ ಬೋಳು ಜಾಗ ನೋಡಿ, ಏನೂ ಹೇಳದೆ ಒಳಗೆ ನಡೆದರು. ಹಿಂದೆ ನಾವು. ಬಲೆಯಿಂದ ಮುಚ್ಚಿದ ಒಂದು ದೊಡ್ಡ ಕೋಣೆ ಎದುರಾಯಿತು. ಒಳಗೆಲ್ಲ ಕೊಂಬೆಗಳು, ಕೊಂಬೆಗಳ ತುಂಬ ಗಿಣಿಗಳು.

ನಾನು ದನಿಗಳ ಮನುಷ್ಯ, ಆದ್ದರಿಂದ ಮೊದಲು ಕೇಳಿಸಿಕೊಂಡೆ. ಕಿರುಚಾಟದ ನಡುವೆ ಮಾತುಗಳಿದ್ದವು. ಯಾರದೋ ಮನೆಯ "ಅಮ್ಮಾ, ಹಾಲು". ಒಂದು ತಮಿಳು ಬೈಗುಳ. ಯಾರನ್ನೋ "ಆವ್ ಬೇಟಾ" ಎಂದು ಕರೆಯುವ ಅಜ್ಜಿಯ ದನಿ. ಹಳೇ ಫೋನಿನ ರಿಂಗು. ಒಬ್ಬ ಗಂಡಸಿನ ಕೆಮ್ಮು. ಬೀಡಿ ಸೇದುವವನ ಕೆಮ್ಮು ಅದು, ನಾನು ಕೂಡ ಅಷ್ಟು ಚೆನ್ನಾಗಿ ತೆಗೆಯಲಾರೆ. ಊರಿನ ಒಂದೊಂದು ಮನೆಯ ವರಾಂಡವೂ ಆ ಬಲೆಯೊಳಗೆ ಮಾತಾಡುತ್ತಿತ್ತು. ಜನ ಮಾತ್ರ ಇರಲಿಲ್ಲ.

ನಮ್ಮ ಗಿಣಿಯನ್ನು ಅಲ್ಲಿ ಬಿಡಲಿಲ್ಲ. ಸ್ವಲ್ಪ ದೂರದಲ್ಲಿ ಒಂದು ಸಣ್ಣ ಪಂಜರದಲ್ಲಿಟ್ಟರು.

"ಇಲ್ಲೂ ಒಂದೇನಾ?" ಆಂಟಿ ಆ ಹೆಂಗಸಿನ ಕಡೆ ತಿರುಗಿ ಕೇಳಿದರು.

"ಸ್ವಲ್ಪ ದಿನ ಅಷ್ಟೇ ಆಂಟಿ. ಕಾಯಿಲೆ ಏನಾದ್ರೂ ಇದ್ರೆ ಎಲ್ಲಕ್ಕೂ ಹರಡತ್ತೆ. ನೋಡ್ಕೊಂಡು ಆಮೇಲೆ ಬಿಡ್ತೀವಿ. ಸದ್ದು ಕೇಳಸ್ತಾ ಇರತ್ತಲ್ಲ ಅದಕ್ಕೆ."

ಆಂಟಿ ಇನ್ನೇನು ಹೊರಡಬೇಕು, ಆ ದೊಡ್ಡ ಕೋಣೆಯೊಳಗಿಂದ ಯಾವುದೋ ಗಿಣಿ ಕುಕ್ಕರ್ ವಿಷಲ್ ಹಾಕಿತು. ಬೇರೆ ಕುಕ್ಕರ್, ಬೇರೆ ಮನೆ. ನಮ್ಮದಕ್ಕಿಂತ ದಪ್ಪ ದನಿ. ಸಣ್ಣ ಪಂಜರದಲ್ಲಿ ನಮ್ಮ ಗಿಣಿ ಪುಕ್ಕ ಕೀಳುತ್ತಿದ್ದುದನ್ನು ನಿಲ್ಲಿಸಿ ತಲೆಯೆತ್ತಿತು. ಆಂಟಿಯ ಕೈ ತಾನಾಗಿಯೇ ಮುಂದೆ ಹೋಗಿ, ಗಾಳಿಯಲ್ಲಿ ಸ್ಟೌವಿನ ನಾಬ್ ತಿರುಗಿಸುವಂತೆ ಆಡಿ, ಕೆಳಗಿಳಿಯಿತು. ನಮ್ಮದು ಉತ್ತರ ಕೊಟ್ಟಿತೋ ಇಲ್ಲವೋ ತಿಳಿಯಲು ನಾವು ಅಲ್ಲಿ ನಿಲ್ಲುವಂತಿರಲಿಲ್ಲ.

ಮನೆಗೆ ಬಂದ ಮೇಲೆ ಗೇಟ್ ಹಾಕಿಕೊಳ್ಳಲು ಹೇಳುವವರಿಲ್ಲ. ಬಂದವರು ತೆರೆದಿಟ್ಟು ಹೋಗುತ್ತಾರೆ. ನಾನು ಹೋಗಿ ಹಾಕುತ್ತೇನೆ. ಒಂದು ಸಂಜೆ ಆಂಟಿ, "ಅವನ ಥರ ಒಂದ್ಸಲ ಕೂಗೋ" ಎಂದರು. ಅದು ಆಂಟಿಯ ದನಿಯನ್ನು ಕಲಿತ ಗಿಣಿಯ ದನಿ. ಬಾಯಿ ತೆರೆದೆ. ಬರಲಿಲ್ಲವೆಂದಲ್ಲ, ಬರುತ್ತಿತ್ತು. "ಗಂಟಲು ಸರಿ ಇಲ್ಲ ಆಂಟಿ" ಎಂದು ಎದ್ದುಬಂದೆ.

ಆಂಟಿ ಆ ಜಾಗಕ್ಕೆ ಆಗಾಗ ಫೋನ್ ಮಾಡುತ್ತಿದ್ದರು. ಸ್ಪೀಕರಿಗೆ ಹಾಕಲು ನಾನು ಬೇಕು. ಪ್ರಶ್ನೆ ಯಾವಾಗಲೂ ಅದೇ: "ಇನ್ನೂ ಒಂದೇ ಇದೆಯಾ ಅಮ್ಮಾ?" ಉತ್ತರವೂ ಅದೇ: "ಸ್ವಲ್ಪ ದಿನ ಆಂಟಿ."

ಮೊನ್ನೆ ಉತ್ತರ ಬದಲಾಯಿತು.

"ಆಂಟಿ, ಅವನನ್ನ ದೊಡ್ಡದಕ್ಕೆ ಬಿಟ್ವಿ. ಎಲ್ಲದರ ಜೊತೆ ಸೇರ್ಕೊಂಡಿದಾನೆ."

ಮಹಡಿಯಿಂದ ಇಳಿಯುತ್ತಿದ್ದ ಸಿಸ್ಟರ್ ಮೆಟ್ಟಿಲ ಮೇಲೆಯೇ ನಿಂತರು. ಆಂಟಿ ಫೋನನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಮಾತಾಡ್ತಾನಾ?"

"ಗೊತ್ತಾಗಲ್ಲ ಆಂಟಿ. ಈಗ ಯಾವುದು ನಿಮ್ಮದು ಅಂತ ಹೇಳಕ್ಕಾಗಲ್ಲ."

"ಎದೆ ಮೇಲೆ ಪುಕ್ಕ ಇಲ್ಲ ನೋಡಮ್ಮಾ. ಬೋಳಾಗಿದೆ. ಅದೇ ನಮ್ಮದು."

ಆ ಕಡೆ ಹಕ್ಕಿಗಳ ಗಲಾಟೆ ಕೇಳುತ್ತಿತ್ತು. ಆ ಗಮ್‌ಬೂಟಿನ ಹೆಂಗಸು ಬಲೆಯ ಹತ್ತಿರ ಹೋಗಿ ನೋಡುತ್ತಿದ್ದರು ಎಂದು ಕಾಣುತ್ತದೆ.

"ಅಂಥವು ತುಂಬಾ ಇದಾವೆ ಆಂಟಿ," ಎಂದರು.